ದಂಗೆ ಎದ್ದು ಗದ್ದುಗೆ ಹಿಡಿಯುವ ವೀರ: ಕಥೆಯಲ್ಲಿ ರಾಜಧಾನಿ ಬೀಳುವುದು ಹೇಗೆ?

ಎರಿಹೊಲ:
ಕಲ್ಪಿತ ನಾಡಿನ ಕಾದಂಬರಿಯೊಂದರ ಹಂದರ ಸಿದ್ಧವಾಗಿದೆ, ತಿಳಿದವರು ಪರಿಶೀಲಿಸಿ ಹೇಳ್ರಿ. ನೆಲ ನಮ್ಮ ರಾಯಚೂರು-ಕೊಪ್ಪಳದ ಮಾದರಿ: ಎರಡು ಹೊಳೆಗಳ ನಡುವೆ ಎರಿ (ಕಪ್ಪು ಮಣ್ಣಿನ) ಭೂಮಿ, ದಕ್ಷಿಣದ ಹೊಳೆ ದಾಟಿದರೆ ಬಂಡೆಗುಡ್ಡಗಳ ನಡುವೆ ರಾಜಧಾನಿ. ನಾಯಕ ಗಡಿನಾಡಿನ ಗುಡ್ಡದವ. ಸಂಬಳದ ಆಳಾಗಿ ದಂಡು ಸೇರಿ ದಣಾಯಕನ (ಸೇನಾಪತಿಯ) ಪದವಿಗೆ ಏರಿದವ. ಜನರನ್ನು ಹಿಂಡುವ ಅರಸನ ಮೇಲೆ ತಿರುಗಿಬಿದ್ದು, ಸಿಂಹಾಸನದ ಮೆಟ್ಟಿಲ ಮೇಲೆಯೇ ಅವನನ್ನು ಕೊಂದು ತಾನೇ ಪಟ್ಟ ಏರುತ್ತಾನೆ. ಆಸ್ಥಾನದಲ್ಲಿ ಒಬ್ಬ ಮಾಟಗಾರನೂ ಇದ್ದಾನೆ.

ಸದ್ಯದ ಲೆಕ್ಕ: 5,000 ಕಾಲಾಳು, 500 ಕುದುರೆ. ಮಳೆಗಾಲದ ನಡುವೆ ಉತ್ತರದ ಕೋಟೆಯಿಂದ ಹೊರಟು 130 ಕಿಲೋಮೀಟರ್ ದಾರಿಯನ್ನು ನಾಲ್ಕು ದಿನದಲ್ಲಿ ಮುಗಿಸಿ, ರಾತ್ರಿ ಹೊಳೆ ದಾಟಿ, ಏಣಿ ಹಾಕಿ ಕೋಟೆ ಹತ್ತುತ್ತಾರೆ. ಇದರಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

ದೋಆಬ್ ದಂಡು:
ಮೊದಲು ಮಳೆಗಾಲ ತೆಗೀರಿ. ಎರಿ ಮಣ್ಣು ಹದ ಮಳೆಗೇ ಕಾಲಿಗೆ ಮೆತ್ತಿಕೊಳ್ಳುತ್ತದೆ, ಎರಡು ದಿನ ಜಡಿ ಹಿಡಿದರೆ ಬಂಡಿಯ ಗಾಲಿ ಗುಂಬದವರೆಗೂ ಹೂತುಹೋಗುತ್ತದೆ. ತುಪಾಕಿ, ಫಿರಂಗಿ, ಕಾಳಿನ ಹೇರು ಎಲ್ಲ ಅಲ್ಲೇ ನಿಲ್ಲುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲವಾದರೆ ಅರ್ಧ ದಿನದಲ್ಲಿ ಆರುತ್ತದೆ, ಎರಿ ಆರಬೇಕಾದರೆ ವಾರ ಬೇಕು.

ಇನ್ನು ಕಾಳು. ದಂಗೆಯ ಕಥೆಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಆಳಿಗೆ ದಿನಕ್ಕೆ ಮುಕ್ಕಾಲು ಕಿಲೋ ಜೋಳ ಹಿಡಿಯಿರಿ, 5,000 ಆಳಿಗೆ 37.5 ಕ್ವಿಂಟಲ್. ಕುದುರೆಗೆ ಮೇವಲ್ಲದೆ 3 ಕಿಲೋ ಹುರಳಿ, 500 ಕುದುರೆಗೆ 15 ಕ್ವಿಂಟಲ್. ಎರಡೂ ಕೂಡಿ ದಿನಕ್ಕೆ 52 ಕ್ವಿಂಟಲಿಗೂ ಮೇಲೆ. ಹೇರಿನ ಎತ್ತು ಒಂದು ಕ್ವಿಂಟಲ್ ಹೊತ್ತು ದಿನಕ್ಕೆ 10–12 ಕಿಲೋಮೀಟರ್ ನಡೆಯುತ್ತದೆ. ನಡುನಡುವೆ ಮೇಯಲು ಬಿಡಲೇಬೇಕು. ಬಿಡದೆ ಓಡಿಸಿದರೆ ಐದನೇ ದಿನಕ್ಕೆ ಬೆನ್ನು ಹುಣ್ಣಾಗಿ ಮಲಗುತ್ತದೆ. ಅಲ್ಲಿಗೆ ನಿಮ್ಮ 130 ಕಿಲೋಮೀಟರಿಗೆ 11–12 ದಿನ. ತಲುಪಿದ ಮೇಲೆ ಒಂದು ವಾರ ಮುತ್ತಿಗೆ ಅಂದರೂ 20 ದಿನದ ಕಾಳು ಬೇಕು, ಅಂದರೆ ಸುಮಾರು 1,050 ಎತ್ತು. ಎರಡು ಸಾಲಿನಲ್ಲಿ ಹೊಡೆದರೆ ಎತ್ತಿನ ಸಾಲೇ ಒಂದೂವರೆ ಕಿಲೋಮೀಟರ್. ಆಳು, ಕುದುರೆ ಕೂಡಿದರೆ ದಂಡಿನ ಉದ್ದ ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ. ಇಷ್ಟುದ್ದದ ದಂಡು ಬಯಲು ಸೀಮೆಯಲ್ಲಿ ಗುಟ್ಟಾಗಿ ಬಂತು ಅಂತ ಬರೆಯಲಾಗದು. ಎದ್ದ ಧೂಳೇ ಒಂದು ದಿನ ಮೊದಲು ಸುದ್ದಿ ಮುಟ್ಟಿಸುತ್ತದೆ.

ಕಾಲ ಬೇಕಾದರೆ ಮಾಘ-ಫಾಲ್ಗುಣ ಇಡಿ. ಹಿಂಗಾರಿ ಜೋಳ ರಾಶಿಯಾಗಿ ಹಗೇವು (ನೆಲದೊಳಗಿನ ಕಾಳಿನ ಗುಂಡಿ) ತುಂಬಿರುತ್ತವೆ, ನೆಲ ಗಟ್ಟಿ, ಹಳ್ಳದಲ್ಲಿ ಇನ್ನೂ ನೀರಿರುತ್ತದೆ. ದಾರಿಯ ಊರುಗಳು ತಾವಾಗಿ ಹಗೇವು ತೆರೆದು ಕೊಟ್ಟರೆ ಎತ್ತಿನ ಸಂಖ್ಯೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅರಸ ಜನರನ್ನು ಹಿಂಡುತ್ತಿದ್ದ ಅಂದಿರಲ್ಲ, ಅದಕ್ಕೆ ಬೆಲೆ ಬರುವುದು ಇಲ್ಲಿ. ಊರ ಗೌಡ ಹಗೇವಿನ ಜಾಗ ತೋರಿಸುತ್ತಾನೋ ಮುಚ್ಚಿಡುತ್ತಾನೋ ಅನ್ನುವುದರ ಮೇಲೆ ನಿಮ್ಮ ವೀರನ ದಂಗೆ ನಿಂತಿದೆ.

ಒಂದು ಸೂಕ್ಷ್ಮ: ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಆಳನ್ನು ಕೊಲ್ಲುತ್ತದೆ. ತಾಸುಗಟ್ಟಲೆ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಾರೆ. ಹಸಿದು ಬಂದ ದಂಡು ಆತುರಪಟ್ಟು ಇಳಿದು ನಾಲ್ಕು ಆಳು ಸತ್ತ ದೃಶ್ಯ ಬರೆಯಿರಿ. ಓದುವವರಿಗೆ ಹಸಿವು ಎಷ್ಟಿತ್ತು ಅಂತ ಬೇರೆ ಹೇಳಬೇಕಿಲ್ಲ.

ಆನೆಗೊಂದಿ ಹರಗೋಲು:
ಹೊಳೆಯ ಮಾತು ನಾನು ಹೇಳ್ತೀನಿ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಕಡೆಯ ಹರಗೋಲು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, 15–20 ಜನ ಹಿಡಿಯುತ್ತದೆ, ಹುಟ್ಟು ಹಾಕುವಾಗ ತಿರುಗುತ್ತಲೇ ಸಾಗುತ್ತದೆ, ದನ-ಕುದುರೆ ಹೆಚ್ಚಾಗಿ ಈಜಿಯೇ ದಾಟುತ್ತವೆ. ಈ ಒಂದು ವರ್ಣನೆ ಸಾಕು ಲೆಕ್ಕಕ್ಕೆ.

20 ಹರಗೋಲು, ಆಯುಧ ಇರುವುದರಿಂದ ಒಂದಕ್ಕೆ 15 ಆಳು, ಒಂದು ಸರದಿಗೆ 300. ಹೋಗಿ ಬರಲು ಅರ್ಧ ತಾಸು. 3,000 ಆಳು ದಾಟಲು ಹತ್ತು ಸರದಿ, ಐದು ತಾಸು. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಮೂರಕ್ಕೆ ಮುಗಿಯುತ್ತದೆ. ಐದೂ ಸಾವಿರ ಒಂದೇ ರಾತ್ರಿ ಅಂದರೆ ಎಂಟು ತಾಸಿಗೂ ಹೆಚ್ಚು ಬೇಕು, ಬೆಳಕು ಹರಿಯುತ್ತದೆ.

ಎಡವುವುದು ಎಲ್ಲಿ ಅಂದರೆ, ಹರಗೋಲು ನೆಟ್ಟಗೆ ಎದುರು ದಡಕ್ಕೆ ಹೋಗುವುದಿಲ್ಲ, ಸೆಳವು ಕೆಳಗೆ ಒಯ್ಯುತ್ತದೆ. ಹತ್ತುವ ಕಡವಿಗಿಂತ ಇಳಿಯುವ ಜಾಗ ನೂರಿನ್ನೂರು ಗಜ ಕೆಳಗಿರಬೇಕು. ಮರಳುವಾಗ ಖಾಲಿ ಹರಗೋಲನ್ನು ದಂಡೆಗುಂಟ ಮೇಲಕ್ಕೆ ಹೊತ್ತೊಯ್ದು ಮತ್ತೆ ನೀರಿಗಿಳಿಸಬೇಕು. ಇದಕ್ಕೆಂದೇ ಆಳು ಬೇರೆ ಇಡಬೇಕು, ಇಲ್ಲದಿದ್ದರೆ ಮೂರನೇ ಸರದಿಗೇ ಹುಟ್ಟು ಹಾಕುವವರ ತೋಳು ಸೋಲುತ್ತದೆ. ತುಂಗಭದ್ರೆಯ ಪಾತ್ರ ತುಂಬ ಬಂಡೆ. ನೀರು ಇಳಿದಾಗ ಬಂಡೆಯ ಮೊನೆ ತೊಗಲು ಸೀಳುತ್ತದೆ, ತುಂಬಿದಾಗ ಬಂಡೆಗಳ ನಡುವೆ ಮಡು ತಿರುಗುತ್ತದೆ. ದಾಟುವ ಕಡವು ಅಂಬಿಗರಿಗೆ ಗೊತ್ತು, ದಣಾಯಕನಿಗೆ ಗೊತ್ತಿರುವುದಿಲ್ಲ. ಬಿಲ್ಲಿನ ಹೆದೆ ಬಿಚ್ಚಿ ಎಣ್ಣೆಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ದಾಟಬೇಕು. ನೆನೆದ ಹೆದೆ ಬೆಳಗ್ಗೆ ಬಾಣ ಒಯ್ಯುವುದಿಲ್ಲ.

ಎರಿಹೊಲ:
ಇಷ್ಟು ವಿವರಕ್ಕೆ ಶರಣು, ಅಣ್ಣಾರ. ಹಾಗಾದರೆ ದಂಡು ಮಾಘದಲ್ಲಿ, 12 ದಿನದ ನಡಿಗೆ. ಕೋಟೆಯ ಏಣಿ? ಬಾಗಿಲಿಗೆ ಆನೆ ಹಾಯಿಸುವ ದೃಶ್ಯವೂ ಮನಸ್ಸಿನಲ್ಲಿದೆ.

ಮುದಗಲ್ ಕಂದಕ:
ಏಣಿಯ ಲೆಕ್ಕ ಸುಲಭ. ಗೋಡೆ 30 ಅಡಿ, ಬುಡ ಗೋಡೆಯಿಂದ 14 ಅಡಿ ದೂರ ಊರಿದರೆ 33 ಅಡಿ ಏಣಿ ಬೇಕು. ಮೂರಡಿ ಕಮ್ಮಿಯಾದರೆ ಮೇಲಿನವ ಗೋಡೆಯ ತೆನೆಗೆ (ಮೇಲಂಚಿಗೆ) ಕೈ ಹಾಕಲಾರ. ಮೂರಡಿ ಹೆಚ್ಚಾದರೆ ತುದಿ ಗೋಡೆಯಿಂದ ಮೇಲೆ ಚಾಚಿಕೊಂಡು ಕಾವಲಿನವನಿಗೆ ದಬ್ಬಲು ಹಿಡಿಕೆ ಸಿಗುತ್ತದೆ. ಬುಡವನ್ನು ಗೋಡೆಯ ಹತ್ತಿರ ತಂದರೆ ಏಣಿ ಹಿಂದಕ್ಕೆ ಮಗುಚುತ್ತದೆ, ತೀರಾ ದೂರ ಸರಿಸಿದರೆ ನಡುವೆ ಮುರಿಯುತ್ತದೆ. ಈಗ ಮುದಗಲ್ಲಿನಂಥ ಕೋಟೆಯ ಸುತ್ತ ಕಂದಕ ಏಕೆ ತೋಡಿದ್ದಾರೆ ನೋಡಿ: ಏಣಿಯ ಬುಡ ಊರಬೇಕಾದ ಜಾಗವೇ ನೀರಿನಲ್ಲಿ ಹೋಗುತ್ತದೆ. ಕಂದಕ ಅಂದರೆ ಮೊಸಳೆ ಸಾಕುವ ಗುಂಡಿ ಅಂತ ಮಾತ್ರ ಕಥೆಗಾರರು ಬರೆಯುತ್ತಾರೆ. ಅದರ ನಿಜವಾದ ಕೆಲಸ ಏಣಿ ನಿಲ್ಲದಂತೆ, ಸುರಂಗ ಬರದಂತೆ, ಆನೆ ಗೋಡೆಗೆ ಹಣೆ ಕೊಡದಂತೆ ನೋಡಿಕೊಳ್ಳುವುದು.

ಆನೆಯ ದೃಶ್ಯ ಬಿಡಿ ಅಥವಾ ಸೋಲಿಸಿ. ನಮ್ಮ ಕೋಟೆಗಳ ಹೆಬ್ಬಾಗಿಲಿಗೆ ದಾರಿ ನೇರ ಇರುವುದಿಲ್ಲ, ಬುರುಜಿನ ಮಗ್ಗುಲಿಗೆ ಬಂದು ತಿರುಗಿ ಮತ್ತೆ ತಿರುಗುತ್ತದೆ. ಆನೆಗೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು ಅಂತಲೇ ಈ ತಿರುವು. ಕದಕ್ಕೆ ಆನೆಯ ಹಣೆಯ ಎತ್ತರದಲ್ಲಿ ಕಬ್ಬಿಣದ ಮುಳ್ಳು ಜಡಿದಿರುತ್ತಾರೆ, ಕದದ ಹಿಂದೆ ಗೋಡೆಯೊಳಗಿಂದ ಎಳೆದು ಹಾಕುವ ಮರದ ತೊಲೆ ಇರುತ್ತದೆ. ಗಾಯಗೊಂಡ ಆನೆ ಆ ಇಕ್ಕಟ್ಟಿನಲ್ಲಿ ತಿರುಗಿತೆಂದರೆ ತುಳಿತಕ್ಕೆ ಸಿಗುವವರು ನಿಮ್ಮ ವೀರನ ಕಡೆಯವರೇ. ಮೇಲಾಗಿ ಒಂದು ಆನೆ ದಿನಕ್ಕೆ ಸುಮಾರು ಒಂದೂವರೆ ಕ್ವಿಂಟಲ್ ಹಸಿ ಮೇವು ತಿನ್ನುತ್ತದೆ, ನೂರು ಲೀಟರಿಗೂ ಮಿಕ್ಕಿ ನೀರು ಕುಡಿಯುತ್ತದೆ. ದೋಆಬ್ ಅಣ್ಣನ ಎತ್ತಿನ ಲೆಕ್ಕಕ್ಕೆ ಇದೂ ಸೇರಿಸಿಕೊಳ್ಳಬೇಕು.

ಗೋಡೆ ಒಡೆಯುವುದನ್ನೇ ತೋರಿಸಬೇಕು ಅಂದರೆ 1520ರ ರಾಯಚೂರು ಮುತ್ತಿಗೆಗಿಂತ ಒಳ್ಳೆಯ ಪಾಠ ಇಲ್ಲ. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ದಂಡಿನವರು ಗುದ್ದಲಿ, ಹಾರೆ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು, ಕಿತ್ತ ಕಲ್ಲಿನ ಗಾತ್ರ ನೋಡಿ ದಳಪತಿಗಳು ಹಣ ಎಣಿಸಿ ಕೊಡುತ್ತಿದ್ದರು. ಮೇಲಿನಿಂದ ಕಲ್ಲು, ಬಾಣ ಬಿದ್ದು ಆಳು ಸಾಯುತ್ತಿದ್ದರೂ ಹಣಕ್ಕಾಗಿ ಮತ್ತೆ ಹೋಗುತ್ತಿದ್ದರು. ಪೋರ್ಚುಗೀಸ್ ಕ್ರಿಸ್ಟೊವಾವ್ ಡಿ ಫಿಗರೆದೊ ಕೋವಿಯವರನ್ನು ತಂದು, ಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆದ ಮೇಲೆ ಕಲ್ಲು ಕೀಳುವವರಿಗೆ ನೆಮ್ಮದಿ ಸಿಕ್ಕಿತು. ಕೆಳಗೆ ಏನಾಗುತ್ತಿದೆ ಅಂತ ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು, ಮರುದಿನ ಕೋಟೆ ಶರಣಾಯಿತು. ಬಾಣದವರ ಕೆಲಸ ಗೋಡೆಯ ಮೇಲಿನ ತಲೆ ತಗ್ಗಿಸುವುದು, ಹಾರೆಯವರ ಕೆಲಸ ಕಲ್ಲು ಕೀಳುವುದು. ಎರಡೂ ಜೊತೆಗೆ ನಡೆದರೆ ಮಾತ್ರ ಗೋಡೆ ಬೀಳುತ್ತದೆ.

ಬಳ್ಳಾರಿ ಬುರುಜು:
ಕೋಟೆಯ ಸುತ್ತ ಯಾವ ಗುಡ್ಡ ಎತ್ತರ ಅನ್ನುವುದನ್ನೂ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಬಳ್ಳಾರಿ ಕೋಟೆ ಕಟ್ಟಿಸಿದ ಫ್ರೆಂಚ್ ಇಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದ ಅನ್ನುವ ಮಾತು ಊರಿನವರ ಬಾಯಲ್ಲಿ ಇಂದಿಗೂ ಇದೆ. ಕಾರಣ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಅಲ್ಲಿ ಫಿರಂಗಿ ಏರಿಸಿದರೆ ಕೋಟೆ ಕೈಯಳತೆಗೆ ಸಿಗುತ್ತದೆ. ನಿಮ್ಮ ರಾಜಧಾನಿಗೂ ಇಂಥ ಒಂದು ಗುಡ್ಡ ಇಡಿ, ಅದರ ಕಾವಲಿಗೆ ಬೇಸರ ಹಿಡಿದ ಇಪ್ಪತ್ತು ಆಳು ಹಾಕಿ. ಮುತ್ತಿಗೆ ಶುರುವಾಗುವುದೇ ಅಲ್ಲಿಂದ.

ನೀರು ಇನ್ನೊಂದು. ಬಂಡೆ ಕೋಟೆಯಲ್ಲಿ ಬಾವಿ ತೋಡಲಾಗದು, ಬಂಡೆಯ ಸೀಳಿನ ದೊಣೆಗಳಲ್ಲಿ ಮಳೆನೀರು ನಿಲ್ಲಿಸುತ್ತಾರೆ. ಫಾಲ್ಗುಣ ಕಳೆದ ಮೇಲೆ ದೊಣೆ ತಳ ಕಾಣುತ್ತದೆ. ಮಾಘದಲ್ಲಿ ಮುತ್ತಿಗೆ ಹಾಕಿದವನಿಗೆ ಒಂದು ಅನುಕೂಲ ಇದು.

ಕುಮ್ಮಟದ ಕಲ್ಲು:
ಎಲ್ಲರೂ ಕೋಟೆ ಒಡೆಯುವುದರಲ್ಲೇ ಇದ್ದೀರಿ. ನಾನು ಒಪ್ಪುವುದಿಲ್ಲ. ಹೊರಗಿನ ವೈರಿ ಕೋಟೆ ಒಡೆಯುತ್ತಾನೆ, ದಣಾಯಕನಾಗಿದ್ದವ ಒಡೆಯಬೇಕಾಗಿಲ್ಲ. ಆ ಬಾಗಿಲಲ್ಲಿ ಅವನು ಹತ್ತಾರು ಸಲ ಮುಜುರೆ ಪಡೆದು ಒಳಗೆ ಹೋಗಿರುತ್ತಾನೆ.

ನಮ್ಮ ನೆಲದಲ್ಲೇ ನಡೆದದ್ದು ನೋಡಿ. ವಿಜಯನಗರವನ್ನು ಆಳಿದ ಸಂಗಮ ವಂಶದ ಕೊನೆಗೆ ವಿರೂಪಾಕ್ಷರಾಯನನ್ನು ಹಿರಿಯ ಮಗನೇ ಕೊಂದ, ಕಿರಿಯವ ಪ್ರೌಢರಾಯ ಪಟ್ಟಕ್ಕೆ ಬಂದು ಆ ಅಣ್ಣನನ್ನು ಕೊಂದ. ಆಡಳಿತ ಹಾಳಾಗಿತ್ತು. 1485ರಲ್ಲಿ ಚಂದ್ರಗಿರಿಯ ಸಾಳುವ ನರಸಿಂಹ ತಿರುಗಿಬಿದ್ದ. ನೂನಿಜ್ ಹೇಳುವಂತೆ ಅವನ ದಳಪತಿ ಊರ ಬಾಗಿಲಿಗೆ ಬಂದಾಗ ತಡೆಯುವವರೇ ಇರಲಿಲ್ಲ, ಅರಮನೆಯ ಒಳಗಿನವರೆಗೂ ನಡೆದುಹೋದ, ಅರಸ ತಪ್ಪಿಸಿಕೊಂಡು ಓಡಿದ. ಸಾಮ್ರಾಜ್ಯದ ರಾಜಧಾನಿ ಏಣಿ-ಹಾರೆ ಇಲ್ಲದೆ ಕೈ ಬದಲಾಯಿತು. ಕಾವಲಿನವ ಯಾರಿಗಾಗಿ ಸಾಯಬೇಕು ಅನ್ನುವುದು ಅವನಿಗೇ ತಿಳಿಯದಿದ್ದರೆ ಹೀಗೇ ಆಗುವುದು. ಕಾದಂಬರಿಯ ಮೊದಲ ಅರ್ಧದಲ್ಲಿ ನೀವು ಕಟ್ಟಬೇಕಾದ್ದು ಇದನ್ನು: ಸಂಬಳ ಬಾಕಿ, ಮಾನ ಕಳೆದ ನಾಯಕರು, ಅರಸನ ಮಾತಿಗೆ ತಳವಾರನೂ ಏಳದ ಸ್ಥಿತಿ.

ಕಾಲ ಮಹಾನವಮಿ ಇಡಿ. ಪೇಸ್ ಕಂಡ ಹಬ್ಬದಲ್ಲಿ ನಾಡಿನ ನಾಯಕರೆಲ್ಲ ತಮ್ಮ ದಂಡಿನೊಂದಿಗೆ ರಾಜಧಾನಿಗೆ ಬಂದು ಸೇರುತ್ತಿದ್ದರು, ಅರಸ ಇಡೀ ಸೈನ್ಯದ ಬಲಪರೀಕ್ಷೆ ಮಾಡುತ್ತಿದ್ದ. ನಿಮ್ಮ ವೀರ ಆಯುಧಸಮೇತ ಒಳಗೆ ಬರಲು ಅರಸನೇ ಓಲೆ ಕಳಿಸುತ್ತಾನೆ.

ದೋಆಬ್ ದಂಡು:
ಕುಮ್ಮಟದವರೇ, ಒಂದು ತಕರಾರು. ಆಶ್ವಯುಜದಲ್ಲಿ ಹೊಳೆ ಇನ್ನೂ ತುಂಬಿರುತ್ತದೆ, ಎರಿ ಆರಿರುವುದಿಲ್ಲ. ಅರಸನ ಕಡೆಯ ನಾಯಕರೂ ಅದೇ ಊರಲ್ಲಿ ತಮ್ಮ ದಂಡಿನೊಂದಿಗೆ ಇರುತ್ತಾರೆ. ಒಳಗೆ ಬರುವುದು ಸುಲಭ, ಮರುದಿನ ಬದುಕುವುದು ಕಷ್ಟ.

ಕುಮ್ಮಟದ ಕಲ್ಲು:
ಹೊಳೆ ತುಂಬಿರುವುದೇ ಅನುಕೂಲ. ಹಬ್ಬಕ್ಕೆ ಬಾರದೆ ಉತ್ತರದ ಕೋಟೆಯಲ್ಲಿ ಉಳಿದ ಅರಸನ ನೆಚ್ಚಿನ ದಂಡು ಸಹಾಯಕ್ಕೆ ಬರಲಾಗದು. ಅಂಬಿಗರ ಹರಗೋಲುಗಳನ್ನೆಲ್ಲ ಆ ರಾತ್ರಿ ದಕ್ಷಿಣ ದಡಕ್ಕೆ ಎಳೆದು ಹಾಕಿಸಿದರೆ ಮುಗಿಯಿತು. ಊರೊಳಗಿನ ನಾಯಕರ ಮಾತು ಬೇರೆ. ಹತ್ತರಲ್ಲಿ ಮೂವರು ಮೊದಲೇ ನಿಮ್ಮ ವೀರನ ಕಡೆ, ಇಬ್ಬರು ಕಟ್ಟಾ ಅರಸನ ಕಡೆ, ಉಳಿದ ಐವರು ಬೆಳಗಾಗುವವರೆಗೆ ಬಿಡಾರದಿಂದ ಹೊರಬರುವುದಿಲ್ಲ. ಆ ಐವರು ಸುಮ್ಮನಿರುವಂತೆ ಮಾಡಬೇಕಾದರೆ ಬೊಕ್ಕಸ ಮತ್ತು ಕುದುರೆ ಲಾಯ ಮೊದಲ ಜಾವದಲ್ಲೇ ಕೈಗೆ ಬರಬೇಕು. ಸಿಂಹಾಸನದ ಕೋಣೆ ಆಮೇಲೆ.

ಇಬ್ಬರು ಕಟ್ಟಾಳುಗಳ ಬಿಡಾರ ಯಾವ ಮೂಲೆಯಲ್ಲಿ ಅನ್ನುವುದನ್ನು ದಣಾಯಕನೇ ಹಂಚಿರುತ್ತಾನೆ. ಇಬ್ಬರನ್ನೂ ಊರಿನ ಎರಡು ತುದಿಗೆ ಹಾಕಿಸಿ.

ದೋಆಬ್ ದಂಡು:
ಹಾಗಾದರೆ ಒಪ್ಪಿದೆ. ಆದರೆ ನನ್ನ ಎತ್ತಿನ ಲೆಕ್ಕ ವ್ಯರ್ಥವಲ್ಲ, ಎರಡನೇ ಭಾಗಕ್ಕೆ ಇಟ್ಟುಕೊಳ್ಳಿ. ನವರಾತ್ರಿಯಲ್ಲಿ ಗದ್ದುಗೆ ಸಿಗುತ್ತದೆ, ಉತ್ತರದ ಕೋಟೆ ಸಿಗುವುದಿಲ್ಲ. ಮಾಘದಲ್ಲಿ ಹೊಸ ಅರಸ 5,000 ಆಳು ಕಟ್ಟಿಕೊಂಡು ಅದೇ ದಾರಿಯಲ್ಲಿ ಉತ್ತರಕ್ಕೆ ನಡೆಯಬೇಕು. ಏಣಿ, ಕಂದಕ, ಹಾರೆ ಎಲ್ಲ ಆಗ ಬರಲಿ.

ಎರಿಹೊಲ:
ಇದು ಕಥೆಯ ಬೆನ್ನೆಲುಬನ್ನೇ ಬದಲಾಯಿಸಿತು, ಒಳ್ಳೆಯದಕ್ಕೇ. ಮೆಟ್ಟಿಲ ಮೇಲಿನ ಕಾಳಗ ಮಾತ್ರ ಬಿಡಲಾರೆ. ಅದರ ಬಗ್ಗೆ ಮತ್ತು ಮಾಟಗಾರನ ಬಗ್ಗೆ ಹೇಳ್ರಿ.

ಮುದಗಲ್ ಕಂದಕ:
ಬಿಡಬೇಡಿ, ಆದರೆ ಚಿಕ್ಕದಾಗಿ ಮುಗಿಸಿ. ಒಂದು ಕೈ ಖಡ್ಗದ ತೂಕ ಒಂದು-ಒಂದೂಕಾಲು ಕಿಲೋ, ಹತ್ತು ಕಿಲೋ ಅಂತ ಬರೆದರೆ ತಿಳಿದವರು ಪುಸ್ತಕ ಮುಚ್ಚುತ್ತಾರೆ. ಸರಪಳಿ ಕವಚ ಹತ್ತು ಕಿಲೋ ಮೇಲೆ ಇರುತ್ತದೆ, ಮೇಲಾಗಿ ದೀವಟಿಗೆಯ ಝಳ. ಮೈತುಂಬ ಬಲ ಹಾಕಿ ಹೊಡೆದಾಡುವುದು ಎರಡು-ಮೂರು ನಿಮಿಷ, ಆಮೇಲೆ ಉಸಿರೇ ಸಿಗುವುದಿಲ್ಲ. ಮೆಟ್ಟಿಲ ಮೇಲೆ ನಿಂತವನಿಗೆ ಎತ್ತರದ ಲಾಭ ಇದೆ, ಆದರೆ ಅವನ ಮೊಣಕಾಲು, ಮೀನಗಂಡ ಕೆಳಗಿನವನ ಖಡ್ಗದ ಮಟ್ಟಕ್ಕೆ ಬರುತ್ತವೆ. ಗುರಾಣಿ ಅಷ್ಟು ಕೆಳಗೆ ಇಳಿಸಿದರೆ ತಲೆ ಬಯಲಾಗುತ್ತದೆ. ನಿಮ್ಮ ಗುಡ್ಡಗಾಡಿನವ ಕೆಳಗಿನಿಂದ ಕಾಲಿಗೇ ಹೊಡೆಯಲಿ. ನುಣುಪು ಕಲ್ಲಿನ ಮೇಲೆ ರಕ್ತ ಚೆಲ್ಲಿದರೆ ಇಬ್ಬರಿಗೂ ಹೆಜ್ಜೆ ನಿಲ್ಲದು, ಕೊನೆಯ ಪೆಟ್ಟು ಕಠಾರಿಯದ್ದೇ ಆಗಿರಲಿ.

ಕುಮ್ಮಟದ ಕಲ್ಲು:
ಮಾಟಕ್ಕೆ ಬೆಲೆ ಕಟ್ಟಿ. ಬೆಲೆ ಇಲ್ಲದ ಮಾಟ ಇದ್ದರೆ ಅರಸ ಸೋಲುವುದೇ ಇಲ್ಲ, ಕಾಳು-ಕಂದಕ ಯಾವುದಕ್ಕೂ ಅರ್ಥ ಉಳಿಯುವುದಿಲ್ಲ. ಮೂರು ನಿಯಮ ಸಾಕು: ಒಂದು ಪ್ರಯೋಗ ಒಂದು ಜಾವಕ್ಕಿಂತ ಹೆಚ್ಚು ನಿಲ್ಲದು, ಮಾಡಿದವ ಮೂರು ದಿನ ಏಳಲಾರ, ಹರಿಯುವ ನೀರು ದಾಟಿ ಅದು ತಾಗದು. ಮೂರನೆಯದರಿಂದ ಹೊಳೆಗೆ ಇನ್ನೊಂದು ಬೆಲೆ ಬರುತ್ತದೆ. ಮಾಟಗಾರನನ್ನು ದಂಗೆಯ ಹಿಂದಿನ ದಿನ ಸುಳ್ಳು ಸುದ್ದಿಯಿಂದ ಹೆದರಿಸಿ ಅವನ ಶಕ್ತಿ ಖರ್ಚು ಮಾಡಿಸಿ. ಇದನ್ನು ಮಾಡುವವ ವೀರನಾಗಬೇಕಿಲ್ಲ, ಅವನ ಬೇಹುಗಾರ ಸಾಕು.

ಗುರೆಳ್ಳು:
ಅಡುಗೆಯ ಬಗ್ಗೆ ಯಾರೂ ಹೇಳಲಿಲ್ಲ. 1485ರ ಮಾದರಿಯ ನಾಡಾದರೆ ಒಣಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ, ಟೊಮೆಟೊ, ಆಲೂಗಡ್ಡೆ ಒಂದೂ ಇರಬಾರದು. ಇವೆಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ನಂತರ ಇಲ್ಲಿಗೆ ಬಂದವು. ಖಾರಕ್ಕೆ ಕಾಳುಮೆಣಸು, ಹಸಿಶುಂಠಿ. ಹಿಂಡಿಗೆ (ಚಟ್ನಿಪುಡಿಗೆ) ಗುರೆಳ್ಳು, ಅಗಸಿ, ಎಳ್ಳು. ಪುಂಡಿಪಲ್ಯ, ಹುಳಿಗೆ ಹುಣಸೆ. ದಂಡಿನ ಬುತ್ತಿಗೆ ಸಜ್ಜೆ ಅಥವಾ ಜೋಳದ ಖಡಕ್ ರೊಟ್ಟಿ: ತೆಳ್ಳಗೆ ಬಡಿದು, ಹಂಚಿನಿಂದ ತೆಗೆದು, ಒಲೆಯ ಮಗ್ಗುಲಲ್ಲಿ ನಿಲ್ಲಿಸಿ ಪೂರ್ತಿ ನೀರಾರಿಸಿದರೆ ವಾರಗಟ್ಟಲೆ ಕೆಡದು. ಸ್ವಲ್ಪ ಹಸಿ ಉಳಿದರೂ ನಾಲ್ಕನೇ ದಿನ ಬೂಸ್ಟು ಬರುತ್ತದೆ, ದಂಡಿಗೆ ಹೊಟ್ಟೆ ಕೆಡುತ್ತದೆ. ಮುತ್ತಿಗೆ ಹಾಕಿದವರನ್ನು ಸೋಲಿಸಲು ಅಷ್ಟು ಸಾಕು.

ಆನೆಗೊಂದಿ ಹರಗೋಲು:
ಅಕ್ಕಾರ ಮಾತು ನಿಜ. ನಾನು ಪಟ್ಟದ ಮಾತಿಗೆ ಬರ್ತೀನಿ. ಸತ್ತ ಅರಸನಿಗೆ ಮಗ ಇದ್ದಾನೋ? ಇಲ್ಲಿ ನಮ್ಮ ಕಿಷ್ಕಿಂಧೆಯ ಕಥೆಯನ್ನೇ ನೋಡಿ. ವಾಲಿ ಸತ್ತ, ಸುಗ್ರೀವನಿಗೆ ಪಟ್ಟ ಆಯಿತು, ಅದೇ ದಿನ ವಾಲಿಯ ಮಗ ಅಂಗದನಿಗೆ ಯುವರಾಜ ಪಟ್ಟ ಕಟ್ಟಿದರು. ವಾಲಿಯ ಕಡೆಯ ಕಪಿಗಳು ಕಾಡಿಗೆ ಓಡಿ ಬೇರೆ ದಂಡು ಕಟ್ಟದಂತೆ ಆಯಿತು. ಆಮೇಲೆ ನಾಲ್ಕು ತಿಂಗಳು ಮಳೆ, ಯಾರೂ ಕದಲಲಿಲ್ಲ. ಮಳೆ ನಿಂತರೂ ಸುಗ್ರೀವ ಭೋಗದಲ್ಲಿ ಮೈಮರೆತಿದ್ದ, ಲಕ್ಷ್ಮಣ ಬಿಲ್ಲು ಹಿಡಿದು ಬರಬೇಕಾಯಿತು. ಪಟ್ಟ ಸಿಕ್ಕ ವೀರನ ಸೋಮಾರಿತನಕ್ಕೆ ಒಂದು ಅಧ್ಯಾಯ ಕೊಡಿ.

ಕುಮ್ಮಟದ ಕಲ್ಲು:
ಅದರ ಜೊತೆಗೆ ಅಂಕಿತ, ನಾಣ್ಯ. ವಿಜಯನಗರದ ಅರಸರು ಶಾಸನದ ಕೊನೆಗೆ ತಮ್ಮ ಹೆಸರು ಹಾಕದೆ ‘ಶ್ರೀ ವಿರೂಪಾಕ್ಷ’ ಅಂತ ಕನ್ನಡದಲ್ಲಿ ಬರೆಸುತ್ತಿದ್ದರು. ನಾಡು ದೇವರದು, ಅರಸ ಅವನ ಪರವಾಗಿ ಆಳುವವ ಅನ್ನುವ ಮಾತು. ನಿಮ್ಮ ಗುಡ್ಡಗಾಡಿನವನಿಗೆ ಕುಲದ ಬಲವಿಲ್ಲ, ಹಾಗಾಗಿ ಮೊದಲ ದಿನವೇ ನಾಡದೇವರ ಗುಡಿಯ ಹಳೆಯ ದತ್ತಿಗಳನ್ನು ಮುಂದುವರಿಸಿ, ಅದೇ ದೇವರ ಅಂಕಿತ ಹಾಕಲಿ. ನಾಣ್ಯದಲ್ಲಿ ತೂಕ ಕದಿಯಬಾರದು. ವರಹ ಅಂದರೆ ಸುಮಾರು 3.4 ಗ್ರಾಂ ಚಿನ್ನ, ಹತ್ತು ಹಣಕ್ಕೆ ಒಂದು ವರಹ. ಸಂಬಳ ಕೊಡಲು ತೂಕ ಇಳಿಸಿದ ಹೊಸ ವರಹಕ್ಕೆ ಚಿನಿವಾರರು (ನಾಣ್ಯ ಪರೀಕ್ಷಿಸುವವರು) ಅದೇ ಸಂಜೆ ವಟ್ಟ ಹಿಡಿದು ಬೆಲೆ ಇಳಿಸುತ್ತಾರೆ, ದಂಡಿಗೆ ಸುದ್ದಿ ಹೋಗುತ್ತದೆ.

ಸಾಳುವ ನರಸಿಂಹ ಗದ್ದುಗೆ ಹಿಡಿದದ್ದು 1485, ತೀರಿಕೊಂಡದ್ದು 1491. ಆರು ವರ್ಷದಲ್ಲಿ ಅವನು ಕುದುರೆಗಾಗಿ ಕರಾವಳಿಯ ಬಂದರುಗಳನ್ನು ಹಿಡಿಯಬೇಕಾಯಿತು, ದಂಗೆ ಎದ್ದ ನಾಯಕರನ್ನು ಒಬ್ಬೊಬ್ಬರನ್ನಾಗಿ ತಗ್ಗಿಸಬೇಕಾಯಿತು. ಸಾಯುವಾಗಲೂ ಮೂರು ಕೋಟೆ ಕೈಗೆ ಬಂದಿರಲಿಲ್ಲ: ಉದಯಗಿರಿ, ಕೊಂಡವೀಡು, ಇನ್ನೊಂದು ನಮ್ಮ ರಾಯಚೂರು. ಅವನು ನಂಬಿದ ನರಸ ನಾಯಕ ಅರಸನ ಎಳೆಯ ಮಗನ ಹೆಸರಿನಲ್ಲಿ ಆಳಿದ. ನರಸನ ಮಗ ವೀರನರಸಿಂಹ 1505ರಲ್ಲಿ ತಾನೇ ಪಟ್ಟ ಏರಿದ. ದಂಗೆಯಿಂದ ಬಂದ ಗದ್ದುಗೆ ಎರಡನೇ ತಲೆಮಾರಿಗೆ ದಾಟಿ ಉಳಿಯಲಿಲ್ಲ. ಎರಡನೇ ಭಾಗಕ್ಕೆ ಉತ್ತರದ ಕೋಟೆ ಇಟ್ಟುಕೊಳ್ಳಿ ಅಂತ ದೋಆಬ್ ಅಣ್ಣ ಹೇಳಿದ್ದು ಅದಕ್ಕೇ ಸರಿ.

ಎರಿಹೊಲ:
ಕೊನೆಯ ಪ್ರಶ್ನೆ. ಅರಮನೆಯ ದಿಡ್ಡಿ ಬಾಗಿಲು ಒಳಗಿನಿಂದ ತೆರೆದುಕೊಟ್ಟ ಕಾವಲಿನ ಆಳು ಒಬ್ಬ ಇದ್ದಾನೆ. ಪಟ್ಟ ಆದ ಮೇಲೆ ಅವನನ್ನು ಏನು ಮಾಡುವುದು?

ಬಳ್ಳಾರಿ ಬುರುಜು:
ಕೊಲ್ಲಿಸಬೇಡಿ, ಕೊಂದರೆ ಮುಂದೆ ಉತ್ತರದ ಕೋಟೆಯಲ್ಲಿ ಯಾರೂ ದಿಡ್ಡಿ ತೆರೆಯುವುದಿಲ್ಲ. ಮಾತು ಕೊಟ್ಟಷ್ಟು ಹಣ ಅಂದೇ ಎಣಿಸಿ ಕೊಡಿಸಿ, ತುಂಬಿದ ಸಭೆಯಲ್ಲಿ. ಹೊಳೆಯಾಚೆ ನೀರಾವರಿ ಇರುವ ಒಂದು ಊರು ಉಂಬಳಿ ಹಾಕಿಕೊಡಿ. ಬಾಗಿಲಿನ ಕೀಲಿಕೈ ಮಾತ್ರ ಅವತ್ತೇ ರಾತ್ರಿ ಬೇರೆಯವರಿಗೆ ಒಪ್ಪಿಸಿ, ದಿಡ್ಡಿಯನ್ನು ಕಲ್ಲು-ಗಾರೆಯಿಂದ ಮುಚ್ಚಿಸಿ.